ತುಂಬಿದ ಟ್ಯಾಂಕು, ಎಡಚಕ್ರದ ಬೇರಿಂಗು

ಅವತ್ತು ಸಂಜೆ ನನ್ನ ಗಂಡ ಬೇರಿಂಗು ಕೊಂಡು ತಂದಿದ್ದರು. ಎಣ್ಣೆಕಾಗದದಲ್ಲಿ ಸುತ್ತಿದ ಎರಡು ಬೇರಿಂಗು, ಒಂದು ದೊಡ್ಡದು, ಒಂದು ಚಿಕ್ಕದು. ಅಡುಗೆಮನೆ ಕಿಟಕಿಯ ಕಟ್ಟೆಯ ಮೇಲೆ ಇಡಲು ಹೋದಾಗ ಅತ್ತೆ ಕೂಗಿದರು.

"ಅಲ್ಲಿಡಬೇಡ್ವೋ! ಆ ಗ್ರೀಸಿನಲ್ಲಿ ಯಾವ ಪ್ರಾಣಿ ಕೊಬ್ಬು ಹಾಕಿರ್ತಾರೋ ಏನೋ."

"ಈ ಮನೇಲಿ ಕೊಬ್ಬಿರೋದು ನನಗೊಬ್ಬನಿಗೇ ಅಂತ ನೀನೇ ಹೇಳ್ತಿದ್ಯಲ್ಲಮ್ಮ" ಎಂದರು ಇವರು.

"ಅದೂ ನಿಜವೇ. ಹೋಗು, ಕೈ ತೊಳ್ಕೊಂಡು ಬಾ, ಸಾರು ಆರಿಹೋಗ್ತಿದೆ."

ಅತ್ತೆಯ ಮಾವನವರ ಕಾಲಕ್ಕೇ ಈ ಮನೆಯವರು ಮದರಾಸಿಗೆ ಬಂದವರು. ಎಲ್ಲರೂ ಆಫೀಸುಗಳಲ್ಲಿ ಕೂತು ಬರೆದವರು. ಇವರೊಬ್ಬರೇ ಲಾರಿ ಹಿಡಿದವರು, ಅದೂ ನೀರಿನ ಲಾರಿ. ತಾಂಬರಂ ಆಚೆಯ ಒಂದು ಬಾವಿಯಲ್ಲಿ ಟ್ಯಾಂಕು ತುಂಬಿಸಿಕೊಂಡು ವೇಲಚೇರಿಯ ಫ್ಲ್ಯಾಟುಗಳಿಗೆ ಕೊಂಡುಹೋಗಿ ಬಿಡುವುದು ಇವರ ಕೆಲಸ. ಎರಡು ಸಾವಿರದ ನಂತರದ ಆ ವರ್ಷಗಳಲ್ಲಿ ಮಳೆ ಕೈಕೊಟ್ಟು, ಕೊಳಾಯಿ ತಿರುಗಿಸಿದರೆ ಗಾಳಿ ಮಾತ್ರ ಬರುತ್ತಿತ್ತು. ಆಗ ಅತ್ತೆಯೂ ಮಗನ ಕೆಲಸವನ್ನು ಹಳಿಯುವುದನ್ನು ನಿಲ್ಲಿಸಿದ್ದರು.

ಊಟಕ್ಕೆ ಮೊದಲು ಇವರು ನನ್ನನ್ನು ಲಾರಿಗೆ ಹತ್ತಿಸಿಕೊಂಡರು. "ಬಾ, ಒಂದು ಸುತ್ತು ಹೋಗಿ ಬರೋಣ. ನಿನ್ನ ಕಿವಿ ಬೇಕು." ಮದುವೆಯಾದಾಗಿನಿಂದ ಹೀಗೇ. ಲಾರಿಯ ಸದ್ದು ಕೇಳುವುದಕ್ಕೆ ನಾನು. ಬಲಕ್ಕೆ ತಿರುಗಿಸಿದಾಗ ನನ್ನ ಕಾಲಿನ ಕೆಳಗೆ, ರುಬ್ಬುವ ಕಲ್ಲಿನಡಿ ಮರಳು ಸಿಕ್ಕಿದ ಹಾಗೆ ಗರಗರ ಎಂದಿತು. ಎಡಕ್ಕೆ ತಿರುಗಿಸಿದರೆ ಕಡಿಮೆಯಾಯಿತು.

"ಎಡಗಡೆದು" ಎಂದೆ.

"ನಾನೂ ಅದನ್ನೇ ತಂದಿದೀನಿ. ಭಾನುವಾರ ಮನೆ ಮುಂದೇನೇ ಹಾಕ್ಬಿಡೋಣ. ಗ್ರೀಸ್ ತುಂಬೋದು ನಿನ್ನ ಪಾಲು."

ಅದು ನಮ್ಮ ಮನೆಯ ಕೊನೆಯ ಮಾಮೂಲಿ ದಿನ.

ಮರುದಿನ ಬೆಳಿಗ್ಗೆ ಇವರು ಬಾವಿಯಲ್ಲಿ ಟ್ಯಾಂಕು ತುಂಬಿಸಿದರು, ಮೇಲೆ ಹತ್ತಿ ಮುಚ್ಚಳ ಹಾಕಿದರು, ಏಣಿಯಿಂದ ಇಳಿಯುವಾಗ ಎದೆ ಹಿಡಿದುಕೊಂಡು ಕೂತುಬಿಟ್ಟರಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಅಲ್ಲಿ ಸರದಿಯಲ್ಲಿದ್ದ ಇನ್ನೊಂದು ಲಾರಿಯ ಡ್ರೈವರ್ ನಮ್ಮ ಲಾರಿಯನ್ನು ತುಂಬಿದ ಟ್ಯಾಂಕಿನ ಸಮೇತ ತಂದು ಮನೆಯ ಮುಂದೆ ನಿಲ್ಲಿಸಿದ. "ಅಕ್ಕಾ, ಮುನ್ ಚಕ್ರಂ ಸತ್ತಂ ಪೋಡುದು" ಎಂದ. ಮುಂದಿನ ಚಕ್ರ ಸದ್ದು ಮಾಡುತ್ತಿದೆ ಎಂಬುದನ್ನು ನನಗೆ ಹೇಳಿ, ಕೀಲಿಕೈಯನ್ನು ಜಗಲಿಯ ಮೇಲಿಟ್ಟು ಅಳುತ್ತಾ ಹೋದ. ನೀರು ಬಿಡುವ ಹೋಸ್‌ ಪೈಪು ಬಾವಿಯ ಹತ್ತಿರವೇ ಉಳಿದುಹೋಗಿತ್ತು.

ಕರ್ಮಗಳು ನಡೆಯುತ್ತಿದ್ದ ದಿನಗಳಲ್ಲೆಲ್ಲ ಲಾರಿ ಹಾಗೇ ನಿಂತಿತ್ತು. ಹಿಂದಿನ ವಾಲ್ವಿನಿಂದ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ಕಾಗೆಗಳು ಬಂದು ಕುಡಿದು ಹೋಗುತ್ತಿದ್ದವು. ಬೀದಿಯಲ್ಲಿ ಯಾರ ಮನೆಯಲ್ಲೂ ನೀರಿರಲಿಲ್ಲ, ಆದರೂ ಯಾರೂ ಕೇಳಲಿಲ್ಲ. ಸೂತಕದ ಮನೆಯ ನೀರು. ಅತ್ತೆ ಜಗಲಿಯ ಮೇಲೆ ಕೂತು ಟ್ಯಾಂಕನ್ನೇ ನೋಡುತ್ತಿದ್ದರು.

"ಅವನು ತುಂಬಿಸಿದ್ದು ಅದು. ಒಂದು ತೊಟ್ಟೂ ಆಚೆ ಹೋಗಕೂಡದು. ನಮ್ಮ ನೀರಿನ ಸಂಪಿಗೇ ಬಿಟ್ಕೊಳ್ಳೋಣ."

ಸಂಪು ಇದ್ದದ್ದು ಹಿತ್ತಲಲ್ಲಿ. ಪೈಪಿಲ್ಲದೆ ಬಿಡುವಂತಿರಲಿಲ್ಲ. ಸರಿ, ಪೈಪು ಬರಲಿ ಎಂದುಕೊಂಡೆವು.

ಹದಿಮೂರನೆಯ ದಿನ ಬಾವಿಯ ಯಜಮಾನರು ಹೇಳಿಕಳಿಸಿದರು. ನಾಡಿದ್ದು ಬೆಳಿಗ್ಗೆ ನಮ್ಮ ಲಾರಿ ಬಂದರೆ ಸರದಿ ನಮ್ಮದೇ. ಬರದಿದ್ದರೆ ಬೇರೆಯವರಿಗೆ ಕೊಡಬೇಕಾಗುತ್ತದೆ, ಅವರನ್ನು ಇನ್ನು ತಡೆಯಲಾಗುವುದಿಲ್ಲ. ಆ ಬೇಸಿಗೆಯಲ್ಲಿ ಒಮ್ಮೆ ಹೋದ ಸರದಿ ಮತ್ತೆ ಸಿಗುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಲಾರಿ ನಿಂತರೆ ಮನೆಯೂ ನಿಂತ ಹಾಗೆ. ಅವತ್ತು ಲಾರಿ ತಂದು ಬಿಟ್ಟಿದ್ದ ಡ್ರೈವರೇ ನಮ್ಮ ಲಾರಿ ಓಡಿಸಲು ಒಪ್ಪಿಕೊಂಡ, ಬರುವಾಗ ಪೈಪನ್ನೂ ತರುತ್ತೇನೆಂದ. ಆದರೆ ಆ ಚಕ್ರದಲ್ಲಿ ಓಡಿಸುವುದಿಲ್ಲ ಎಂದ. ಹೀಗಾಗಿ ನಡುವಿನ ಒಂದು ದಿನದಲ್ಲಿ ಬೇರಿಂಗು ಬದಲಾಗಬೇಕಿತ್ತು.

ಆ ಬೆಳಿಗ್ಗೆ ಕೆಲಸಕ್ಕೆ ಇಳಿದದ್ದು ನಾನು ಮತ್ತು ನನ್ನ ಮೈದುನ. ಅವನು ಆಫೀಸಿನ ಕೆಲಸದವನು, ಆದರೆ ಭಾನುವಾರಗಳಲ್ಲಿ ಅಣ್ಣನ ಜೊತೆ ಲಾರಿಯ ಕೆಳಗೆ ಮಲಗಿ ಕಲಿತಿದ್ದ. ಕರ್ಮಕ್ಕಾಗಿ ಬೋಳಿಸಿದ್ದ ತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆ ಅವನು ಟ್ಯಾಂಕನ್ನು ನೋಡಿ ಮೆಲ್ಲಗೆ ಹೇಳಿದ:

"ಅಣ್ಣ ಯಾವತ್ತೂ ತುಂಬಿದ ಟ್ಯಾಂಕನ್ನ ಎತ್ತಿದ್ದಿಲ್ಲ ಅತ್ತಿಗೆ. ಖಾಲಿ ಮಾಡಿಯೇ ಜಾಕಿ ಕೊಡ್ತಿದ್ದ."

ನನಗೂ ಗೊತ್ತಿತ್ತು. ಇಬ್ಬರೂ ಜಗಲಿಯ ಕಡೆ ನೋಡಿದೆವು. ಅತ್ತೆ ಅಲ್ಲೇ ಕೂತಿದ್ದರು.

"ಏನೋ ಅದು ಗುಸುಗುಸು?"

"ಏನಿಲ್ಲಮ್ಮ" ಎಂದ ಅವನು. ಆಮೇಲೆ ನನಗೆ, "ಚಕ್ರ ನೆಲ ಬಿಟ್ಟರೆ ಸಾಕು, ನಾಲ್ಕು ಬೆರಳು. ಬೇಗ ಮುಗಿಸೋಣ."

ಹಲಗೆಯ ಮೇಲೆ ಜಾಕಿ ಇಟ್ಟು ಅಚ್ಚಿನ ಕೆಳಗೆ ಕೊಟ್ಟ. ಜಾಕಿಯ ಕೈ ಅಲುಗಿಸಿದಷ್ಟೂ ಲಾರಿ ಮುಲುಗಿತು. ಚಕ್ರ ನೆಲ ಬಿಟ್ಟಿತು. ರೈಲ್ವೆಯವರ ಹಳೆಯ ಮರದ ತುಂಡೊಂದನ್ನು ಅಚ್ಚಿನ ಕೆಳಗೆ ತಳ್ಳಿ, ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ. ಚಕ್ರ ಕೂರುವ ಹಬ್ಬಿನ ಮುಚ್ಚಳ, ಪಿನ್ನು, ದೊಡ್ಡ ನಟ್ಟು ಒಂದೊಂದಾಗಿ ಬಂದವು. ಅವನು ಕೊಟ್ಟದ್ದನ್ನು ಬಂದ ಕ್ರಮದಲ್ಲೇ ಗೋಣಿಯ ಮೇಲೆ ಜೋಡಿಸಿದೆ. ಇವರು ನನಗೆ ಹಾಗೆಯೇ ಕಲಿಸಿದ್ದರು.

ಹಬ್ಬು ಮಾತ್ರ ಬರಲಿಲ್ಲ. ಅವನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಲಾರಿ ತೂಗಿತು. ಹನಿಹನಿಯಾಗಿ ಸೋರಿ ಟ್ಯಾಂಕಿನೊಳಗೆ ಒಂದಿಷ್ಟು ಜಾಗವಾಗಿತ್ತಲ್ಲ, ಒಳಗಿನ ನೀರು ಹಿಂದಕ್ಕೆ ಹೋಗಿ ಮುಂದಕ್ಕೆ ಬಂದು ಧಪ್ಪೆಂದು ಬಡಿಯಿತು. ಲಾರಿ ಮತ್ತೆ ತೂಗಿತು, ಈ ಸಲ ನಾವು ಮುಟ್ಟದೆಯೇ.

"ನಿಲ್ಲು, ನಿಲ್ಲು" ಎಂದೆ.

ನೀರಿನ ಓಲಾಟ ನಿಲ್ಲುವವರೆಗೆ ಕಾದೆವು. ಎರಡನೆಯ ಸಲ ಹಬ್ಬು ಅವನ ಎದೆಯ ಮೇಲೆ ಬಿದ್ದಂತೆ ಬಂತು. ಒಳಗಿನ ಬೇರಿಂಗಿನ ಉರುಳೆಗಳು ನೀಲಿಗಟ್ಟಿದ್ದವು, ಒಂದು ಅರ್ಧ ಒಡೆದಿತ್ತು. ಅದನ್ನು ಅಂಗೈಯಲ್ಲಿಟ್ಟು ನೋಡಿ ಅವನು ನನ್ನ ಕೈಗೆ ಕೊಟ್ಟ. ಬೇರಿಂಗು ಕೂರುವ ಹಳೆಯ ಬಳೆಗಳನ್ನು ಹಬ್ಬಿನಿಂದ ಬಡಿದು ತೆಗೆದು, ಹೊಸವನ್ನು ಸುತ್ತಲೂ ಸಮವಾಗಿ ತಟ್ಟಿ ಕೂರಿಸಿದ.

ನಾನು ಎಡ ಅಂಗೈಯಲ್ಲಿ ಗ್ರೀಸ್ ತೆಗೆದುಕೊಂಡೆ. ಬೇರಿಂಗನ್ನು ಅದಕ್ಕೆ ಒತ್ತಬೇಕು, ಸ್ವಲ್ಪ ತಿರುಗಿಸಬೇಕು, ಮತ್ತೆ ಒತ್ತಬೇಕು. ಉರುಳೆಗಳ ನಡುವಿನಿಂದ ಗ್ರೀಸ್ ಶ್ಯಾವಿಗೆಯ ಹಾಗೆ ಆಚೆ ಬಂದರೆ ತುಂಬಿತೆಂದು ಅರ್ಥ. ಇವರು ತಂದ ದಿನದ ಎಣ್ಣೆಕಾಗದ ನನ್ನ ಮಡಿಲಲ್ಲಿತ್ತು. ಎದುರುಮನೆಯ ಹೆಂಗಸು ಬಾಗಿಲಲ್ಲಿ ನಿಂತು ಬಳೆ ತೆಗೆದ ನನ್ನ ಬರಿಯ ಕೈಗಳನ್ನೇ ನೋಡುತ್ತಿದ್ದಳು. ನಾನು ತಲೆ ಎತ್ತಲಿಲ್ಲ.

ತಲೆ ಎತ್ತಿದಾಗ ಕಂಡದ್ದು ಜಾಕಿ. ಅದು ನೇರವಾಗಿರಲಿಲ್ಲ.

ಕೊಳಾಯಿ ಪೈಪು ಹಾಕಲು ಆ ವರ್ಷ ಬೀದಿಯನ್ನು ಅಗೆದು ಮರಳು ತುಂಬಿ ಮುಚ್ಚಿದ್ದರು. ಇಳಿಜಾರು ಮುಂದಿನ ಚಕ್ರದ ಕಡೆಗಿತ್ತು. ಇಷ್ಟು ದಿನ ಹಿಂದಿನ ವಾಲ್ವಿನಿಂದ ತೊಟ್ಟಿಕ್ಕಿದ ನೀರು ಮೇಲೆ ಕಾಣದೆ, ಕೆಳಗೆ ಕೆಳಗೇ ಬಂದು ಆ ಮರಳನ್ನು ನೆನೆಸಿತ್ತು. ಹಲಗೆಯ ಒಂದು ತುದಿ ಮಣ್ಣಿನೊಳಗೆ ಇಳಿದಿತ್ತು. ಮರದ ತುಂಡೂ ಅದೇ ಕಡೆ ವಾಲಿತ್ತು. ಮೈದುನ ಹಬ್ಬನ್ನು ಎತ್ತಿಕೊಂಡು, ಅಚ್ಚಿನ ಕೆಳಗೆ ಕಾಲು ಚಾಚಿ ಕೂತಿದ್ದ.

"ಈಚೆ ಬಾ."

"ಐದು ನಿಮಿಷ ಅತ್ತಿಗೆ, ಇದೊಂದು ಏರಿಸಿಬಿಟ್ರೆ..."

"ಈಚೆ ಬಾ ಅಂದ್ನಲ್ಲ!"

ನಾನು ಅವನ ಮೇಲೆ ಯಾವತ್ತೂ ದನಿ ಎತ್ತಿದವಳಲ್ಲ. ಅವನು ಕಾಲೆಳೆದುಕೊಂಡ. ನೋಡುತ್ತಿದ್ದ ಹಾಗೆಯೇ ಹಲಗೆ ಇನ್ನೊಂದು ಬೆರಳು ಇಳಿಯಿತು. ಟ್ಯಾಂಕಿನೊಳಗೆ ನೀರು ಧಪ್ಪೆಂದಿತು.

"ಬಿದ್ದರೆ ಅಚ್ಚು ಮುರಿಯುತ್ತೆ" ಎಂದ. "ನಾಳೆ ಅಲ್ಲ, ತಿಂಗಳಾದರೂ ಲಾರಿ ಏಳಲ್ಲ. ಭಾರ ಇಳಿಸಬೇಕು. ವಾಲ್ವು ತೆಗೆದುಬಿಡ್ಲಾ?"

"ತೆಗೆದರೆ ನೀರೆಲ್ಲ ಜಾಕಿಯ ಬುಡಕ್ಕೇ ಬರುತ್ತೆ."

ನೀರು ಇಳಿಯಬೇಕು, ಆದರೆ ನೆಲಕ್ಕೆ ಒಂದು ತಂಬಿಗೆಯಷ್ಟೂ ಬೀಳಬಾರದು. ಕೊಡ ಬೇಕು, ನಮ್ಮ ಮನೆಯ ನಾಲ್ಕು ಕೊಡಗಳಲ್ಲಿ ತೀರುವ ನೀರಲ್ಲ ಅದು. ನಾನು ಅತ್ತೆಯ ಕಡೆ ತಿರುಗಿದೆ.

ಅತ್ತೆ ಆಗಲೇ ಎದ್ದು ನಿಂತಿದ್ದರು. ಅವರು ನೋಡುತ್ತಿದ್ದದ್ದು ಟ್ಯಾಂಕನ್ನಲ್ಲ, ಕಿರಿಯ ಮಗನ ಬೋಳುತಲೆಯನ್ನು. ಬೀದಿಯ ನಡುವಿಗೆ ಬಂದು ತಮಿಳಿನಲ್ಲಿ ಗಟ್ಟಿಯಾಗಿ ಕೂಗಿದರು. ಆ ದನಿಯನ್ನು ನಾನು ಹದಿನಾಲ್ಕು ದಿನದಿಂದ ಕೇಳಿರಲಿಲ್ಲ. ದಿನವೂ ನನ್ನ ಮಗನನ್ನು ತಡೆದು ಇನ್ನೊಂದು ಕೊಡ, ಇನ್ನೊಂದು ಕೊಡ ಅಂತ ಪೀಡಿಸುತ್ತಿದ್ದಿರಲ್ಲ, ಈಗ ಯಾಕೆ ಒಳಗೆ ಕೂತಿದ್ದೀರಿ, ಬನ್ನಿ ಎಂದರು.

ಎದುರುಮನೆಯವಳು ಅನುಮಾನಿಸಿದಳು. "ಪಾಟಿ, ತಣ್ಣಿ ಎಡುಕ್ಕಲಾಮಾ?" ಅಜ್ಜೀ, ಈ ನೀರು ನಾವು ತೆಗೆದುಕೊಳ್ಳಬಹುದೇ ಎಂದು.

"ಹದಿಮೂರು ನಿನ್ನೆಗೇ ಆಯ್ತಮ್ಮ. ಬೇಗ ಬಾ!" ಈ ಸಲ ಅತ್ತೆಗೆ ಕನ್ನಡವೇ ಬಂತು. ಅವಳಿಗೆ ಅರ್ಥವಾಯಿತು.

ಪ್ಲಾಸ್ಟಿಕ್ ಕೊಡಗಳು ಬಂದವು, ಬಕೆಟ್ಟುಗಳು ಬಂದವು, ಒಬ್ಬರು ಮಗುವಿನ ಸ್ನಾನದ ತೊಟ್ಟಿಯನ್ನೇ ಎತ್ತಿಕೊಂಡು ಬಂದರು. ನಾನು ವಾಲ್ವಿನ ಹತ್ತಿರ ಕೂತೆ. ತಿರುಗಿಸು, ತುಂಬಿತು, ಮುಚ್ಚು, ಮುಂದಿನ ಕೊಡ. ಗ್ರೀಸಿನ ಕೈಯಲ್ಲಿ ವಾಲ್ವು ಜಾರುತ್ತಿತ್ತು, ಸೆರಗು ಸುತ್ತಿ ಹಿಡಿದೆ. ನಿಂತ ನೀರಿನಿಂದ ಸ್ವಲ್ಪ ಕಬ್ಬಿಣದ ವಾಸನೆ ಬರುತ್ತಿತ್ತು. ಒಬ್ಬ ಹುಡುಗಿಯ ಕೊಡ ತುಳುಕಿದಾಗ ಅತ್ತೆ ಅವಳನ್ನು ಬೈದರು. ಆಮೇಲೆ ತಾವೇ ಒಂದು ಹಳೆಯ ಕಂಬಳಿ ತಂದು ವಾಲ್ವಿನ ಕೆಳಗೆ ಹಾಸಿದರು, ಬಿದ್ದದ್ದನ್ನು ಅದು ಕುಡಿಯಲಿ ಎಂದು. ಕೊಡ ತರದೆ ಬಂದವರಿಗೆ ನಮ್ಮ ಮನೆಯ ಕೊಡಗಳನ್ನೇ ತುಂಬಿಸಿ ಕೊಟ್ಟೆವು. ಹಿತ್ತಲ ಸಂಪಿನವರೆಗೆ ಹೊತ್ತು ಹಾಕುವಷ್ಟು ಸಮಯವಿರಲಿಲ್ಲ, ಸದ್ಯ ಭಾರ ಇಳಿದರೆ ಸಾಕಾಗಿತ್ತು.

ಮೈದುನ ಜಾಕಿಯ ಎದುರು ಕುಕ್ಕರಗಾಲಿನಲ್ಲಿ ಕೂತು ಹಲಗೆಯನ್ನೇ ನೋಡುತ್ತಿದ್ದ. "ನಿಂತಿದೆ" ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ, "ನಿಂತಿದೆ ಅತ್ತಿಗೆ."

ಟ್ಯಾಂಕನ್ನು ಬಡಿದರೆ ಟೊಳ್ಳು ಸದ್ದು ಬರುವ ಹೊತ್ತಿಗೆ ಲಾರಿ ತನ್ನ ಸ್ಪ್ರಿಂಗು ಪಟ್ಟಿಗಳ ಮೇಲೆ ಮೆಲ್ಲಗೆ ಎದ್ದಿತ್ತು. ಪಕ್ಕದಲ್ಲಿ ಗಟ್ಟಿ ನೆಲ ನೋಡಿ ಇನ್ನೊಂದು ಮರದ ತುಂಡು ಕೊಟ್ಟು, ಅವನು ಮತ್ತೆ ಒಳಗೆ ಕೂತ. ಹಬ್ಬು ಏರಿತು. ಹೊರಗಿನ ಬೇರಿಂಗು ಕೂತಿತು. ನಟ್ಟು ಬಿಗಿಯುತ್ತಾ ಅವನ ಕೈ ನಿಂತಿತು.

"ಅಣ್ಣ ಎಷ್ಟು ಸಡಿಲ ಬಿಡ್ತಿದ್ದ?"

"ಮೊದಲು ಹಬ್ಬು ತಿರುಗದ ಹಾಗೆ ಬಿಗಿ. ಆಮೇಲೆ ಬಿಡ್ತಾ ಬಾ, ನಾನು ತಿರುಗಿಸ್ತೀನಿ."

ನಾನು ಹಬ್ಬಿಗೆ ಕೈ ಕೊಟ್ಟು ತಿರುಗಿಸಿದೆ. ಬಿಗಿ. ಇನ್ನೂ ಬಿಗಿ. ಒಮ್ಮೆಗೇ ಸದ್ದಿಲ್ಲದೆ ತಿರುಗಿತು. "ಸಾಕು" ಎಂದೆ. ಈ "ಸಾಕು" ನಾನು ಯಾವಾಗಲೂ ಇವರಿಗೆ ಹೇಳುತ್ತಿದ್ದದ್ದು. ಇವರು "ಸರಿ ಮೇಡಂ" ಎನ್ನುತ್ತಿದ್ದರು. ಮೈದುನ ಪಿನ್ನು ಹಾಕಿ ಮಡಿಚಿದ.

ಮರುದಿನ ಡ್ರೈವರ್ ಪೈಪು ತಂದ. ಲಾರಿ ಹೊರಟಿತು. ಬಲಕ್ಕೆ ತಿರುಗುವ ಮೂಲೆಯವರೆಗೂ ಕಿವಿಗೊಟ್ಟು ನಿಂತಿದ್ದೆ. ಚಕ್ರ ಸದ್ದು ಮಾಡಲಿಲ್ಲ. ಸರದಿ ನಮಗೇ ಉಳಿಯಿತು, ಎಷ್ಟೋ ವರ್ಷ.

ಒಳಗೆ ಬಂದಾಗ ಅತ್ತೆ ಹಿತ್ತಲಲ್ಲಿ ಸಂಪಿನ ಮುಚ್ಚಳ ತೆಗೆದು ಬಗ್ಗಿ ನೋಡುತ್ತಿದ್ದರು.

"ಇದರಲ್ಲಿ ಇಲ್ಲ ಅಲ್ವೇನೇ?"

"ಇಲ್ಲಮ್ಮ."

"ಕೊಡದಲ್ಲಿ?"

ನಮ್ಮ ನಾಲ್ಕು ಕೊಡಗಳನ್ನು ಅವರವರು ತಂದು ಜಗಲಿಯ ಮೇಲಿಟ್ಟು ಹೋಗಿದ್ದರು, ಚೆನ್ನಾಗಿ ತೊಳೆದು, ಬೋರಲು ಹಾಕಿ. ಕೇಳಿದ್ದರೆ ಯಾರಾದರೂ ಒಂದು ಚೊಂಬು ತಂದುಕೊಡುತ್ತಿದ್ದರು. ಕೊಟ್ಟ ನೀರನ್ನು ಹಿಂದಕ್ಕೆ ಕೇಳುವುದು ನಮ್ಮಿಬ್ಬರಿಗೂ ಆಗಲಿಲ್ಲ. ನಾಲ್ಕಾರು ದಿನದಲ್ಲಿ ಅವರ ಮನೆಗಳಲ್ಲೂ ಅದು ತೀರಿತು.

ಒಡೆದ ಬೇರಿಂಗು ನನ್ನ ಬಳಿ ಇದೆ. ಎಣ್ಣೆಕಾಗದವೂ ಇದೆ. ಇವರು ಕೊನೆಯ ಸಲ ತುಂಬಿಸಿದ ನೀರು ಮಾತ್ರ ಒಂದು ಲೋಟದಷ್ಟೂ ನಮ್ಮ ಮನೆಯಲ್ಲಿ ಇಲ್ಲ.