ನೀಲಿ ಕ್ಯಾನಿನ ಮಜ್ಜಿಗೆ

ಟಕ್ ಬುಸ್ಸ್, ಟಕ್ ಬುಸ್ಸ್. ಬಿತ್ತನೆ ಮುಗಿದು ಗೋವಿನಜೋಳ ಮೊಳಕಾಲೆತ್ತರ ಆಗುವ ಮೊದಲೇ ನಮ್ಮೂರು ಇಂದೂರಿನ ಹೊಲಗಳಿಂದ ಈ ಸದ್ದು ಏಳುತ್ತದೆ. ಬೆನ್ನಿಗೆ ಕಟ್ಟಿಕೊಂಡ ಪಂಪಿನ ಹಿಡಿಕೆ ಒತ್ತುತ್ತ ಕಳೆಗೆ ಎಣ್ಣೆ ಹೊಡೆಯುವ ಸದ್ದು. ಹೊಲಕ್ಕೆ ಹೊಡೆಯುವ ಔಷಧವನ್ನು ನಮ್ಮಲ್ಲಿ ಎಣ್ಣೆ ಎಂದೇ ಕರೆಯುತ್ತಾರೆ. ಊರಿನ ಕಿವಿಗೆ ಆ ಸದ್ದು ಈಗ ಬೀಳುವುದೂ ಇಲ್ಲ. ನಮ್ಮ ಪಕ್ಕದ ಮನೆಯ ಶಿವವ್ವ ಮಾತ್ರ ಎದ್ದು ಹೋಗಿ ಹಿತ್ತಲ ಕದ ಹಾಕುತ್ತಾಳೆ. ಎಷ್ಟೇ ಸೆಕೆಯಿದ್ದರೂ ಹಾಕುತ್ತಾಳೆ.

ಮಗ ಬಾಳೇಶ ಹೊಟ್ಟೆಯಲ್ಲಿದ್ದ ವರ್ಷ ಅವಳು ಸುಭಾಸ ಸಾವ್ಕಾರರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಊರಲ್ಲಿ ಹೊಲ, ಮುಂಡಗೋಡದಲ್ಲಿ ಗೊಬ್ಬರ ಮತ್ತು ಔಷಧದ ಅಂಗಡಿ, ಎರಡೂ ಅವರವೇ. ಎರಡು ತಿಂಗಳ ಬಸುರಿ, ನೀರಡಿಕೆ ತಡೆಯದೆ ಹೊಲದಿಂದ ಬಾವಿಗೆ ಓಡಾಡುವುದನ್ನು ಕಂಡು ಸಾವ್ಕಾರರು ಕಳೆ ಎಣ್ಣೆ ಖಾಲಿಯಾದ ನೀಲಿ ಕ್ಯಾನೊಂದನ್ನು ಅವಳ ಕೈಗಿತ್ತರು.

"ಸೋಪ ಹಚ್ಚಿ ತೊಳಕೋ. ಗಟ್ಟಿ ಕ್ಯಾನ್ ಐತಿ, ನಿನ್ನ ಮಗ ಸಾಲೀಗೆ ಹೋಗೂತನಾ ಬರ್ತದ."

ಅವಳು ಸೋಪಷ್ಟೇ ಅಲ್ಲ, ಬೂದಿಯನ್ನೂ ಹಾಕಿ ತಿಕ್ಕಿದಳು. ವಾಸನೆ ಹೋಯಿತು. ಆ ಹಂಗಾಮೆಲ್ಲ ಅದರಲ್ಲೇ ನೀರು, ಅದರಲ್ಲೇ ಮಜ್ಜಿಗೆ. ಇದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಆಗ ಊರಿನ ಮನೆಮನೆಯಲ್ಲೂ ಅಂಥದೊಂದು ಕ್ಯಾನ್ ಇತ್ತು. ಸಾವ್ಕಾರರ ಅಡುಗೆಮನೆಯಲ್ಲಿ ಮಾತ್ರ ಇರಲಿಲ್ಲ.

ಬಾಳೇಶ ಹುಟ್ಟಿದಾಗ ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಗೆ ಇತ್ತು. ವೃಷಣಗಳು ಚೀಲಕ್ಕೆ ಇಳಿದಿರಲಿಲ್ಲ. ಹುಬ್ಬಳ್ಳಿಯಲ್ಲಿ ಎರಡು ಆಪರೇಶನ್ ಆದವು, ಇನ್ನೊಂದು ಬಾಕಿಯಿದೆ. ಎರಡನೆಯದು ಆದದ್ದು ಅವನು ಶಾಲೆಗೆ ಸೇರಿದ ವರ್ಷ; ಆಗ ಅಲ್ಲಿನ ಡಾಕ್ಟರಮ್ಮ ಶಿವವ್ವನನ್ನು ಕೂರಿಸಿಕೊಂಡು ವಿವರಿಸಿದರು. ಗಂಡುಮಗುವಿನ ಆ ಅಂಗಗಳು ರೂಪುಗೊಳ್ಳುವುದು ಗರ್ಭದ ಮೊದಲ ಮೂರ್ನಾಲ್ಕು ತಿಂಗಳಲ್ಲಿ. ಮಗುವಿನ ಮೈಯ ಹಾರ್ಮೋನು ಅದನ್ನು ನಡೆಸುತ್ತದೆ. ಹೊಲಕ್ಕೆ ಹೊಡೆಯುವ ಕೆಲವು ರಾಸಾಯನಿಕಗಳು ತಾಯಿಯ ಮೈ ಹೊಕ್ಕರೆ ಆ ಕೆಲಸವನ್ನು ಕೆಡಿಸಬಲ್ಲವು. ಶಿವವ್ವ ಆಗ ಕ್ಯಾನಿನ ವಿಷಯ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅದರಿಂದನ ಆತು ಅಂತ ನಾ ಬರದು ಕೊಡಾಕಾಗೂದಿಲ್ಲವಾ. ಆಗಿಲ್ಲ ಅಂತನೂ ಹೇಳಾಕಾಗೂದಿಲ್ಲ."

ಶಿವವ್ವ ಸಾವ್ಕಾರರ ಹತ್ತಿರ ಹೋಗಿ ಕೇಳಿದ್ದು ಒಂದೇ: ಬಸುರಿಯರ ಕೈಗೆ ಆ ಕ್ಯಾನ್ ಕೊಡಬೇಡಿ. ಅವರು ನಕ್ಕರು. ಮರುದಿನ ಊರ ಹೋಟೆಲ್‌ನಲ್ಲಿ ಚಹಾ ಕುಡಿಯುತ್ತ ಎಲ್ಲರಿಗೂ ಕೇಳುವಂತೆ ಅಂದರು: "ಶಿವವ್ವ ಹಡದಿದ್ದು ಗಂಡೋ ಹೆಣ್ಣೋ ಇನ್ನೂ ಬಗೀಹರದಿಲ್ಲ. ಅವರ ಮನಿತನದಾಗಿನ ಹುಳುಕಿಗೆ ನನ್ನ ಕ್ಯಾನಿನ ಮ್ಯಾಲೆ ದೂರು!" ಹೋಟೆಲ್ ನಕ್ಕಿತು. ಆ ನಗು ಶಾಲೆಯವರೆಗೂ ಹೋಯಿತು. ಅಂದಿನಿಂದ ಬಾಳೇಶ ಹೋಟೆಲ್ ಮುಂದಿನ ದಾರಿ ಬಿಟ್ಟು ಕೆರೆಯ ಏರಿ ಸುತ್ತಿ ಶಾಲೆಗೆ ಹೋಗುತ್ತಾನೆ.

ಶಿವವ್ವ ಜಗಳಕ್ಕೆ ಹೋಗಲಿಲ್ಲ. ಕ್ಯಾನನ್ನು ಅಟ್ಟಕ್ಕೆ ಹಾಕಿದಳು. ಅದನ್ನು ಎಸೆಯಲಿಲ್ಲ ಯಾಕೆ ಎಂದು ನಮ್ಮವ್ವ ಒಮ್ಮೆ ಕೇಳಿದ್ದಕ್ಕೆ "ಇರಲಿ, ಕೆಲಸಕ್ಕ ಬರ್ತೈತಿ" ಅಂದಿದ್ದಳು.

ಈ ವರ್ಷ ಸಾವ್ಕಾರರ ಸೊಸೆ ಜ್ಯೋತಿಗೆ ಕಳ್ಳ ಕುಬಸ ಬಂತು. ಬಸಿರು ಊರಿಗೆ ಗೊತ್ತಾಗುವ ಮುಂಚೆ, ಮೂರನೇ ತಿಂಗಳಲ್ಲಿ, ನಾಲ್ಕು ಹೆಂಗಸರು ಸೇರಿ ಗುಟ್ಟಾಗಿ ಹಸಿರು ಕುಪ್ಪಸ ತೊಡಿಸಿ ಬಯಸಿದ್ದನ್ನು ತಿನ್ನಿಸುವ ಶಾಸ್ತ್ರ ಅದು. ಸಾವ್ಕಾರರ ಹೆಂಡತಿ ಗೋದುಬಾಯಿ ತಾವೇ ಬಂದು ಶಿವವ್ವನನ್ನು ಕರೆದರು.

"ನಿನ್ನ ಕೈಯಾನ ಮಜ್ಜಿಗೀನ ಬೇಕಂತ ನೋಡವಾ ಆಕೀಗೆ. ಯಾರ ಮುಂದೂ ಬಾಯಿ ಬಿಡಬ್ಯಾಡ ಮತ್ತ."

"ನನ್ನ ಬಾಯಿ ನಿಮಗ ಗೊತ್ತೈತೆಲ್ರಿ ಬಾಯಾರ," ಅಂದಳು ಶಿವವ್ವ.

ಅವ್ವನ ಜೊತೆ ನಾನೂ ಹೋದೆ. ಶಿವವ್ವ ಹಸಿ ಬಟ್ಟೆ ಸುತ್ತಿದ ಕ್ಯಾನನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದಳು. ತಂಪಿರಲೆಂದು ಸುತ್ತಿದ್ದಾಳೆ ಎಂದುಕೊಂಡೆವು. ಬಳೆ ತೊಡಿಸಿದರು, ಕುಪ್ಪಸ ತೊಡಿಸಿದರು. ಮೊದಲ ಲೋಟ ಬಸುರಿಯದು. ಶಿವವ್ವ ಅವಸರ ಮಾಡಲಿಲ್ಲ. ಬಾಗಿಲಲ್ಲಿ ಸಾವ್ಕಾರರ ಬೈಕ್ ನಿಂತ ಸದ್ದು ಕೇಳಿದ ಮೇಲೆ ಬಟ್ಟೆ ಬಿಚ್ಚಿದಳು; ಅಟ್ಟದ ಮೇಲಿದ್ದ ಅದೇ ನೀಲಿ ಕ್ಯಾನ್. ಲೋಟ ತುಂಬಿ, ಜ್ಯೋತಿಯ ಕೈಗಿಟ್ಟಳು. ನೋಡಿದ್ದು ಮಾತ್ರ ಬಾಗಿಲ ಕಡೆ.

ಜ್ಯೋತಿ ಲೋಟ ಎತ್ತಿದಳು. ತಡೆಯಬಹುದಾಗಿದ್ದ ಶಿವವ್ವನ ಕೈ ಮಡಿಲಲ್ಲೇ ಇತ್ತು. ಒಂದು ಗುಟುಕಿನಷ್ಟು ಹೊತ್ತು ಅದು ಅಲ್ಲೇ ಇತ್ತು. ಆ ಕೈಯನ್ನು ನಾನು ಮರೆತಿಲ್ಲ.

"ಏ ಜ್ಯೋತಿ! ಕುಡೀಬ್ಯಾಡ! ತಡಿ!" ಸಾವ್ಕಾರರು ಚಪ್ಪಲಿ ಸಮೇತ ಒಳಗೆ ನುಗ್ಗಿದರು.

"ಯಾಕ್ರೀ ಮಾವಾರ?" ಜ್ಯೋತಿಯ ತುಟಿಯ ಹತ್ತಿರವೇ ಲೋಟ ನಿಂತಿತು.

"ಕುಡೀಲಿ ಬಿಡ್ರಿ ಸಾವ್ಕಾರ್ರ," ಅಂದಳು ಶಿವವ್ವ. "ಸೋಪ ಹಚ್ಚಿ ತೊಳದೇನಿ. ಗಟ್ಟಿ ಕ್ಯಾನ್ ಐತಿ."

"ಹುಚ್ಚ ಹಿಡದೈತೇನ ನಿನಗ? ಕಳೆ ಎಣ್ಣೀ ಕ್ಯಾನ್ ಅದು! ಬಸರಾಕಿ ಹೊಟ್ಟಿಗೆ ಹೋಗಬಾರದು!"

"ಯಾವ ಬಸರಾಕಿ ಹೊಟ್ಟಿಗ್ರೀ?"

ಗೋದುಬಾಯಿ ಆರತಿ ತಟ್ಟೆ ಕೆಳಗಿಟ್ಟು ಗಂಡನ ಮುಖ ನೋಡಿದರು. "ಆವಾಗ ಇಕೀಗೆ ಕೊಟ್ಟಿದ್ದು ಇದ ಅಲ್ಲೇನ್ರಿ?"

"ಆವಾಗ ಯಾರಿಗಿ ಗೊತ್ತಿತ್ತು?"

"ಗೊತ್ತಿರಲಿಲ್ಲಂದ್ರ," ಶಿವವ್ವನ ದನಿ ಏರಲಿಲ್ಲ, "ನಿಮ್ಮ ಅಡಗೀಮನ್ಯಾಗ ಒಂದ ಕ್ಯಾನರ ಯಾಕ ಇರಲಿಲ್ರಿ?"

ಅವಳು ಜ್ಯೋತಿಯ ಕೈಯಿಂದ ಲೋಟ ತೆಗೆದುಕೊಂಡು ಬಚ್ಚಲಿಗೆ ಚೆಲ್ಲಿದಳು. ಸೆರಗಿನ ಮರೆಯಿಂದ ಸ್ಟೀಲ್ ಡಬ್ಬಿಯೊಂದನ್ನು ತೆಗೆದು ಮುಂದಿಟ್ಟಳು. "ನಿನ್ನ ಮಜ್ಜಿಗಿ ಇದರಾಗ ಐತಿ ತಂಗಿ. ಹೆದರಬ್ಯಾಡ, ಕುಡಿ."

ಸಾವ್ಕಾರರು ದನಿ ತಗ್ಗಿಸಿದರು. "ಆತು ಶಿವವ್ವ, ನಂದ ತಪ್ಪು. ಹೆಣ್ಮಕ್ಕಳ ಮುಂದ ಒಪ್ಪಿದೆನಲ್ಲ. ಇಲ್ಲೇ ಮುಗಸೂಣು."

"ನೀವು ಅಂದಿದ್ದು ಮನ್ಯಾಗಲ್ರಿ, ಹೋಟೆಲ್‌ನಾಗ." ಶಿವವ್ವ ಕ್ಯಾನನ್ನು ಮತ್ತೆ ಸೊಂಟಕ್ಕೇರಿಸಿದಳು. "ನಾಳೆ ಬಾಳೇಶನ್ನ ಹೋಟೆಲ್ ಮುಂದಿನ ದಾರೀಲೆ ಸಾಲೀಗೆ ಕಳಸ್ತೇನಿ. ಈಗ ಹೇಳಿದ ಮಾತು ಅಲ್ಲೇ ನಿಂತು ಅಂವಗ ಕೇಳೂಹಂಗ ಹೇಳ್ರಿ. ಹೇಳಲಿಲ್ಲಂದ್ರ, ನಿಮ್ಮ ಸೊಸಿ ಹಡಿಯೂತನಾ ದಿನಾ ಈ ಕ್ಯಾನ್ ನಿಮ್ಮ ಅಂಗಡಿ ಬಾಗಲಿಗೆ ಇಟ್ಕೊಂಡು ಕುಂಡ್ರತೇನಿ. ಎಣ್ಣಿ ಒಯ್ಯಾಕ ಬಂದ ಒಬ್ಬೊಬ್ಬರಿಗೂ ನಾನ ಇದರ ಕತಿ ಹೇಳ್ತೇನಿ," ಅನ್ನುತ್ತಲೇ ಹೊಸ್ತಿಲು ದಾಟಿ ಅಂಗಳಕ್ಕಿಳಿದು ಮನೆಯ ದಾರಿ ಹಿಡಿದಳು.