ಎಡಗಡೆಯ ಕೆಮ್ಮು

ಇವತ್ತು ಆಫೀಸಿನಿಂದ ಬಂದಾಗ ಅಲ್ ನಹ್ದಾ ಬಡಾವಣೆಯ ನಮ್ಮ ಬಿಲ್ಡಿಂಗಿನ ಸೆಕ್ಯುರಿಟಿ ಮೇಜಿನ ಮೇಲೆ ನನ್ನ ಹೆಸರಿನ ಪೆಟ್ಟಿಗೆಯೊಂದು ಕಾಯುತ್ತಿತ್ತು. ಬಿಚ್ಚಿದರೆ ಹೆಡ್‌ಫೋನ್. ಅದರ ಮೆತ್ತೆಗಳನ್ನು ಮೊದಲು ಮೂಗಿಗೆ ಹಿಡಿದೆ, ತೆಂಗಿನೆಣ್ಣೆಯ ವಾಸನೆ. ಹೆಡ್‌ಫೋನನ್ನು ಮೂಸಿ ನೋಡುವವರು ಲೋಕದಲ್ಲಿ ಕಡಿಮೆ ಎಂಬುದು ನನಗೂ ಗೊತ್ತಿದೆ. ಆದರೆ ನಮ್ಮ ಗುಂಪಿನಲ್ಲಿ ಒಂದೇ ಹೆಡ್‌ಫೋನ್ ಮನೆಯಿಂದ ಮನೆಗೆ ಸುತ್ತುತ್ತದೆ, ಒಬ್ಬೊಬ್ಬರಲ್ಲಿ ಒಂದು ವಾರ ಉಳಿಯುತ್ತದೆ. ಹಿಂದಿನ ಮನೆ ಯಾವುದೆಂದು ವಾಸನೆಯೇ ಹೇಳುತ್ತದೆ. ನೈಫ್‌ನಲ್ಲಿ ಅಂಗಡಿ ಇಟ್ಟಿರುವ ಶೆಟ್ಟರಿಂದ ಬಂದರೆ ಅತ್ತರು. ತೆಂಗಿನೆಣ್ಣೆ ಎಂದರೆ ಮಿರ್ದಿಫ್‌ನ ಡೆನಿಸಣ್ಣ.

ಹೆಡ್‌ಫೋನ್ ಕೇಳಿ ಅಭಿಪ್ರಾಯ ಬರೆಯುವ ನಮ್ಮ ಈ ಮೊಬೈಲ್ ಗುಂಪಿನ ಹೆಸರು ‘ಕೆಬಿ ಕೊರ್ಲೆ’. ತುಳುವಿನಲ್ಲಿ ‘ಕಿವಿ ಕೊಡಿ’ ಎಂದರ್ಥ. ಶೆಟ್ಟರ ಅಂಗಡಿಯ ಪಕ್ಕದ ಕೆಫೆಟೇರಿಯಾದಲ್ಲಿ ಕರಕ್ ಚಾಯ್ ಕುಡಿಯುತ್ತ ನಾವು ನಾಲ್ಕೈದು ಜನ ಇದನ್ನು ಶುರುಮಾಡಿದಾಗ ತಿಂಗಳೊಳಗೆ ಮುಚ್ಚಿಹೋಗುತ್ತದೆ ಎಂದೇ ನಾನು ನಂಬಿದ್ದೆ. ಮುಚ್ಚಲಿಲ್ಲ. ಅಬುಧಾಬಿಯ ನರ್ಸುಗಳು, ಶಾರ್ಜಾದ ಡ್ರೈವರುಗಳು, ಬ್ಯಾಂಕಿನವರು, ಎಲ್ಲರೂ ಬಂದು ಸೇರಿಕೊಂಡರು. ಪರದೇಶದಲ್ಲಿ ಜನ ಸೇರುವುದಕ್ಕೆ ಊರು, ಜಾತಿ, ಕ್ರಿಕೆಟ್ ಸಾಕಾಗುತ್ತದೆ. ನಮ್ಮನ್ನು ಸೇರಿಸಿದ್ದು ಒಂದು ಕೆಮ್ಮು.

ನೀವು ನಗಬಹುದು, ನಾನು ಕಾಯುತ್ತೇನೆ. ಹೆಡ್‌ಫೋನ್ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸಲು ಎಲ್ಲರೂ ಒಂದೇ ಧ್ವನಿಮುದ್ರಣ ಕೇಳಬೇಕಲ್ಲ? ನಮ್ಮದು ಡೆನಿಸಣ್ಣ ಒಮ್ಮೆ ರಜೆಯಲ್ಲಿ ಹೋದಾಗ ಊರಿನ ಶಾಲೆಯ ಹಾಲ್‌ನಲ್ಲಿ ರೆಕಾರ್ಡ್ ಮಾಡಿದ ತಾಳಮದ್ದಳೆ. ಅದರಲ್ಲಿ ಮದ್ದಳೆ ಬಲಗಡೆ ಇದೆ. ಭಾಗವತರು ಪದ ಎತ್ತುವ ಮುಂಚೆ, ಎಡಗಡೆ ಸ್ವಲ್ಪ ಹಿಂದೆ, ಪ್ರೇಕ್ಷಕರಲ್ಲಿ ಯಾರೋ ಕೆಮ್ಮುತ್ತಾರೆ. ಸಾಧಾರಣ ಹೆಡ್‌ಫೋನಿನಲ್ಲಿ ಅದು ಕೇಳಿಸುವುದೇ ಇಲ್ಲ. ಒಳ್ಳೆಯದರಲ್ಲಿ ಕೇಳಿಸುತ್ತದೆ. ಬಹಳ ಒಳ್ಳೆಯದರಲ್ಲಿ, ಕೆಮ್ಮಿದವರು ಔಷಧ ತೆಗೆದುಕೊಂಡಿಲ್ಲ ಎಂಬುದೂ ತಿಳಿಯುತ್ತದೆ.

“ಅವನನ್ನು ತಿರುಗಿ ದುರುಗುಟ್ಟಿ ನೋಡಿದ್ದೆ ಮಾರಾಯ,” ಎನ್ನುತ್ತಿದ್ದರು ಡೆನಿಸಣ್ಣ. “ಈಗ ಸಿಕ್ಕಿದ್ರೆ ಕಾಲಿಗೆ ಬೀಳ್ತೇನೆ.”

ಹೊಸಬರು ಯಾರು ಸೇರಿದರೂ ಮೊದಲ ಪ್ರಶ್ನೆ, “ಕೆಮ್ಮು ಎಲ್ಲುಂಟು?” ಆಮೇಲೆ ವಾರಗಟ್ಟಲೆ ಚರ್ಚೆ. ಕೆಮ್ಮಿದವರು ಹೆಗಲ ಹತ್ತಿರ ಕೂತಿದ್ದಾರೋ, ಬಾಗಿಲ ಹತ್ತಿರವೋ? ಇಂಗ್ಲಿಷಿನವರು ಸೌಂಡ್‌ಸ್ಟೇಜ್ ಎನ್ನುವುದಕ್ಕೆ ನಾವು ರಂಗಸ್ಥಳ ಎನ್ನುತ್ತೇವೆ. “ರಂಗಸ್ಥಳ ಅಗಲ ಉಂಟು, ಆದರೆ ಕೆಮ್ಮು ಸ್ವಲ್ಪ ಒಣಗಿದೆ” ಎಂದು ಶೆಟ್ಟರು ಬರೆದರೆ, ಅವರೊಂದಿಗೆ ಜಗಳಕ್ಕೆ ಬೀಳಲು ಮೂವರು ಆಫೀಸಿನ ಮೀಟಿಂಗಿನ ಮಧ್ಯದಿಂದಲೇ ತಯಾರು. ತಪ್ಪು ತಿದ್ದುವುದರಲ್ಲಿ ನಮ್ಮವರಿಗಿರುವ ಉತ್ಸಾಹ ಸಂಬಳದ ಕೆಲಸದಲ್ಲಿದ್ದಿದ್ದರೆ ಎಲ್ಲರಿಗೂ ಬಡ್ತಿ ಸಿಗುತ್ತಿತ್ತು.

“ನಾನು ಅಡುಗೆಮನೆಯಿಂದ ಕೂಗಿದ್ದು ನಿಮಗೆ ಕೇಳೂದಿಲ್ಲ, ಯಾರೋ ಕೆಮ್ಮಿದ್ದು ಕೇಳ್ತದೆ,” ಎಂದಳು ನನ್ನ ಹೆಂಡತಿ. ಮಗಳಿಗೆ ಹೆಡ್‌ಫೋನ್ ತೊಡಿಸಿ ಕೇಳಿಸಿದೆ. ಅವಳು ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟು, “ಇಟ್ಸ್ ಜಸ್ಟ್ ಎ ಕಾಫ್, ಡ್ಯಾಡಿ” ಎಂದಳು.

ಹೋದ ವರ್ಷ ಒಂದು ಬೆಳಿಗ್ಗೆ ಎದ್ದಾಗ ಡೆನಿಸಣ್ಣನ ಎಡಗಿವಿ ಕೇಳಿಸುತ್ತಿರಲಿಲ್ಲ. ಕೆಲವರಿಗೆ ಹೀಗೆ ಇದ್ದಕ್ಕಿದ್ದಂತೆ ಆಗುತ್ತದಂತೆ. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಮಾತ್ರೆ ಕೊಟ್ಟರು, ಕೊನೆಗೆ ಇನ್ನು ಬರುವುದು ಕಷ್ಟ ಎಂದರು. ಅವರು ಗುಂಪಿನಲ್ಲಿ ಬರೆದದ್ದು ಇಷ್ಟೇ: “ಎಡಗಿವಿ ಖಲಾಸ್. ನನ್ನ ಹೆಡ್‌ಫೋನುಗಳು ಬೇಕಾದವರು ಬಂದು ತೆಗೆದುಕೊಂಡು ಹೋಗಿ.” ಬರೆದು ಗುಂಪು ಬಿಟ್ಟರು.

ಆಮೇಲೆ ಯಾರೂ ಏನೂ ಬರೆಯಲಿಲ್ಲ. ಕೆಮ್ಮು ಎಂಬ ಶಬ್ದ ಬರೆಯಲು ಯಾರಿಗೆ ತಾನೇ ಧೈರ್ಯ? ಅದನ್ನು ಬಿಟ್ಟು ಬರೆಯಲು ನಮಗೆ ಬೇರೇನೂ ಗೊತ್ತಿರಲಿಲ್ಲ. ಗುಂಪು ಮುಗಿಯಿತು ಎಂದುಕೊಂಡೆ. ಆ ಮೌನದಲ್ಲಿ, ಈ ಊರಿನಲ್ಲಿ ನನಗೆ ಆಫೀಸಿನ ಹೊರಗೆ ಗೆಳೆಯರೆಂದರೆ ಇವರೇ ಎಂದು ತಿಳಿದು ಹೆದರಿಕೆಯಾಯಿತು.

ಕೊನೆಗೆ ಶೆಟ್ಟರು ಫೋನ್ ಮಾಡಿ, “ನೀವೊಮ್ಮೆ ಮಿರ್ದಿಫ್‌ಗೆ ಹೋಗಿ ಬನ್ನಿ. ಹೆಡ್‌ಫೋನ್ ತರ್ಲಿಕ್ಕೆ ಅಲ್ಲ, ಸುಮ್ನೆ,” ಎಂದರು. ಸುಮ್ಮನೆ ಹೋಗುವುದು ನನಗೆ ಬರುವುದಿಲ್ಲ. ಸುತ್ತಿನಲ್ಲಿದ್ದ ಹೊಸ ಹೆಡ್‌ಫೋನ್ ನನ್ನಲ್ಲಿತ್ತು, ಅದನ್ನೇ ಹಿಡಿದುಕೊಂಡೆ. ಕಿವಿ ಹೋದವರ ಮನೆಗೆ ಹೆಡ್‌ಫೋನ್ ಒಯ್ಯುತ್ತಿದ್ದೇನೆ ಎಂಬ ಅರಿವು ಬಂದದ್ದು ಅವರ ಬಾಗಿಲ ಬೆಲ್ ಒತ್ತಿದ ಮೇಲೆ.

ಡೆನಿಸಣ್ಣ ಚಹಾ ಕೊಡಿಸಿದರು. ನನ್ನ ಸಂಕೋಚ ನೋಡಲಾಗದೆ ಹೆಡ್‌ಫೋನ್ ಹಾಕಿಕೊಂಡರು. ತಾಳಮದ್ದಳೆ ಹಚ್ಚಿದೆ. ಅವರು ಕಣ್ಣು ಮುಚ್ಚಿ ಕೂತರು. ಇದ್ದಕ್ಕಿದ್ದಂತೆ ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

“ಕೆಮ್ಮು ಬಂತು.”

ಎಡಗಿವಿ ಬಂದೇಬಿಟ್ಟಿತು ಎಂದುಕೊಂಡೆ. ಅವರು ಹೆಡ್‌ಫೋನ್ ತೆಗೆದು, ಎರಡೂ ಕಡೆಯ ಕೇಬಲ್ ಎಳೆದು ನೋಡಿ ನಕ್ಕರು.

“ಎಂಥ ಮಾರಾಯ, ಕೇಬಲ್ ಉಲ್ಟಾ ಹಾಕಿದ್ದೀಯಲ್ಲ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.”

ಹಿಂದಿನ ದಿನ ಕೇಬಲ್ ಬದಲಿಸಿದ್ದು ನಾನೇ. ಗುಂಪಿನಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಸರಿಮಾಡುತ್ತೇನೆ ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. ಮತ್ತೆ ಹಾಕಿಕೊಂಡರು.

“ಕೆಮ್ಮು ಬಲಗಿವಿಗೆ ಬಂತು, ಈಗ ಮದ್ದಳೆ ಹೋಯ್ತು,” ಎಂದರು ಕೇಳುತ್ತಲೇ. “ಹೋಗ್ಲಿ. ಅದು ನನಗೆ ಬಾಯಿಪಾಠ ಉಂಟು.”

ನನಗೆ ಅಳು ಬಂತು. ಚಹಾ ಬಿಸಿಯಿದೆ ಎಂದು ಹೇಳಿ ಕಣ್ಣೊರೆಸಿಕೊಂಡೆ. ಚಹಾ ಯಾವಾಗಲೋ ಆರಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಆ ಸಂಜೆಯೇ ಅವರು ಗುಂಪಿಗೆ ಮರಳಿದರು. ಮರಳಿದವರೇ ಮೊದಲು ಬರೆದದ್ದು ನನ್ನ ಕೇಬಲಿನ ವಿಷಯ. ನನ್ನನ್ನು ಹೀಯಾಳಿಸಿ ಬಂದ ಉತ್ತರಗಳಿಂದ ಗುಂಪು ಚೇತರಿಸಿಕೊಂಡಿತು.

ಈಗ, ಅಂದರೆ ಇವತ್ತು, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಡೆನಿಸಣ್ಣ ಗುಂಪಿನಲ್ಲಿ ಬರೆದ ಅಭಿಪ್ರಾಯ ಓದಿದೆ. “ರಂಗಸ್ಥಳ ಪರವಾಗಿಲ್ಲ. ಕೆಮ್ಮು ಬಲಗಡೆ, ಸ್ವಲ್ಪ ಹಿಂದೆ. ತುಂಬ ಚೆಂದ.” ಅದರ ಕೆಳಗೆ, ಹೋದ ವಾರವಷ್ಟೇ ಸೇರಿದ ಅಬುಧಾಬಿಯ ನರ್ಸೊಬ್ಬರು ಕೇಳಿದ್ದರು: “ಸಾರಿ, ಅದು ಎಡಗಡೆ ಅಲ್ವಾ?”

ಅಲ್ಪವಿರಾಮ ತಪ್ಪಿದರೂ ಬಿಡದ ಜನ ನಮ್ಮವರು. ಏನು ಬರುತ್ತದೋ ಎಂದು ಕೆಳಗೆ ನೋಡಿದೆ. ಮೊದಲ ಉತ್ತರ ಶೆಟ್ಟರದು.

“ಮಿರ್ದಿಫ್‌ನಲ್ಲಿ ಬಲಗಡೆ.”

ಅದಕ್ಕೆ ಒಬ್ಬರ ಹಿಂದೊಬ್ಬರು ‘ಹೌದು’ ಎಂದಿದ್ದರು. ಕೇಬಲ್ ನೋಡಿದೆ; ಡೆನಿಸಣ್ಣ ಹಾಕಿದಂತೆಯೇ ಉಲ್ಟಾ ಇತ್ತು. ಸರಿಪಡಿಸದೆ ಹಾಗೆಯೇ ಕಿವಿಗೇರಿಸಿ, ಎಡಗಡೆಯ ಮೆತ್ತೆಯನ್ನು ಕಿವಿಯಿಂದ ಸರಿಸಿ ಹಿಡಿದು, ಕೊನೆಯವರೆಗೂ ಕೇಳಿದೆ. ಆಮೇಲೆ ನಾನೂ ಬರೆದೆ: “ಅಲ್ ನಹ್ದಾದಲ್ಲೂ ಬಲಗಡೆ.”