ಇಲ್ಲದ ಪುಸ್ತಕದ ಹೊಣೆ

ನೀಲಾ, ಆ ಪುಸ್ತಕವನ್ನು ಹುಟ್ಟಿಸಿದವಳು ನಾನು. ಅದರ ಹೆಸರು, ಬರೆದವರ ಹೆಸರು, ಅದರಲ್ಲಿ ಇದೆಯೆಂದ ವಿಷಯ — ಎಲ್ಲ ನನ್ನ ತಲೆಯಿಂದ ಬಂದವು. ಶಿಕ್ಷೆ ನಿನಗಾಯಿತು. ನಾನು ಅದೇ ಕೋಣೆಯಲ್ಲಿ ಕೂತು ನೋಡಿದೆ.

ಬಿ.ಎ. ಕೊನೆಯ ವರ್ಷ ಇತಿಹಾಸದ ಸರ್ ನಮಗೆ ಟಿಪ್ಪಣಿ ಸಹಿತ ಗ್ರಂಥಸೂಚಿ ಮಾಡಲು ಹೇಳಿದ್ದರು. ಕರಾವಳಿಯ ವ್ಯಾಪಾರದ ಬಗ್ಗೆ ವಿದ್ವಾಂಸರು ಬರೆದದ್ದನ್ನು ಹುಡುಕಿ ಓದಬೇಕು; ಒಂದೊಂದರ ಕೆಳಗೂ ಅದು ಏನು ಹೇಳುತ್ತದೆ, ಎಷ್ಟು ನಂಬಬಹುದು ಎಂದು ನಾಲ್ಕು ಸಾಲು ಬರೆಯಬೇಕು. ನಾನು ಭಾವಿಕೇರಿಯವಳು. ಕಾರವಾರದ ಬಸ್ಸಿಗೆ ನೀನು ಹಾರವಾಡದಲ್ಲಿ ಹತ್ತುತ್ತಿದ್ದೆ.

"ಅರ್ಧ ನೀ ಓದು, ಅರ್ಧ ನಾ ಓದ್ತೆ. ಆಮೇಲೆ ಪಾಲು ಹಾಕ್ಕಳ್ವಾ ಮಾರಾಯ್ತಿ," ಅಂದಿದ್ದೆ ನೀನು.

ನಿಮ್ಮೂರ ದಂಡೆಯಲ್ಲಿ ರಂಪಣಿ ಬಲೆ ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು ಸಿಗುತ್ತದೆ. ಯಾರು ಎಷ್ಟು ಎಳೆದರು ಎಂದು ಕೇಳುವ ಪದ್ಧತಿಯಿಲ್ಲ. ನೀನೂ ಕೇಳಲಿಲ್ಲ.

ಇಂಗ್ಲಿಷಿನವು ನನಗಿರಲಿ ಎಂದು ನಾನೇ ಆರಿಸಿಕೊಂಡಿದ್ದೆ — ಗದ್ದೆ ಕೆಲಸದವರ ಮನೆಯಿಂದ ಕಾಲೇಜು ಹತ್ತಿದ ಮೊದಲನೆಯವಳೆಂಬ ಜಂಬ. ನಿಘಂಟು ತಿರುವಿ ತಿರುವಿ ಒಂದನ್ನು ಬಿಟ್ಟು ಉಳಿದವನ್ನು ಹೇಗೋ ಮುಗಿಸಿದೆ. ಕೊನೆಯದು ಗ್ರಂಥಾಲಯದ ಕಪಾಟಿನಲ್ಲಿ ಇರಲಿಲ್ಲ. ಸಿಗಲಿಲ್ಲ ಎಂದರೆ, ಇವಳಿಗೆ ಓದಲು ಬರಲಿಲ್ಲ ಎಂದು ನೀನು ತಿಳಿದುಕೊಂಡರೆ... ಅದರ ಜಾಗಕ್ಕೆ ಒಂದನ್ನು ಕಟ್ಟಿದೆ. ನಿನಗೆ ಆ ಟಿಪ್ಪಣಿಯೇ ಎಲ್ಲಕ್ಕಿಂತ ಹಿಡಿಸಿತು. ಹೊಗಳಿ, ನೀನು ನಿನ್ನದರಲ್ಲೂ ಬರೆದುಕೊಂಡೆ.

ನಿನ್ನದನ್ನು ನೀನು ನನಗಿಂತ ಮೊದಲೇ ಸರ್‌ಗೆ ಒಪ್ಪಿಸಿದೆ. ಮರುದಿನ ಸರ್, ಅನುಮಾನ ಬಂದ ಪುಸ್ತಕಗಳನ್ನು ತರಿಸಿ ನೋಡುತ್ತೇನೆ ಎಂದರು. ನಾನು ನನ್ನದರಿಂದ ಆ ಹಾಳೆ ಹರಿದು ಬೇರೆ ಬರೆದು ಕೊಟ್ಟೆ. ನಿನಗೆ ಹೇಳಬಹುದಿತ್ತು — ಬಸ್ಸಿನಲ್ಲಿ ಪಕ್ಕದಲ್ಲೇ ಇದ್ದೆಯಲ್ಲ — ಹೇಳಲಿಲ್ಲ.

"ಈ ಪುಸ್ತಕ ಎಲ್ಲಿ ಸಿಕ್ತು? ನಿಮ್ಮಪ್ಪನ ಬಲೆಗೆ ಬಿತ್ತಾ?" ಎಂದರು ಸರ್, ನಿನ್ನನ್ನು ಎಬ್ಬಿಸಿ ನಿಲ್ಲಿಸಿ. ಕ್ಲಾಸು ನಕ್ಕಿತು. ನಾನೂ — ನಕ್ಕೆ. ನೀನು ನನ್ನ ಕಡೆ ನೋಡಿದೆ, ಹೆಸರು ಹೇಳಲಿಲ್ಲ. ಆ ನೋಟ ಕಂಡು ಅವರು ನನ್ನನ್ನೇ ಕೇಳಿದರು, ಇದು ನಿನಗೆ ಗೊತ್ತೇ ಎಂದು.

"ಇಲ್ಲ ಸರ್."

ಅಪ್ಪನನ್ನು ಕರೆದುಕೊಂಡು ಬಾ ಎಂದು ನಿನ್ನನ್ನು ಹೊರಗೆ ಕಳಿಸಿದರು. ಅಪ್ಪ ಬರಲಿಲ್ಲ, ನೀನೂ ಮತ್ತೆ ಬರಲಿಲ್ಲ. ನೀನು ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ಆರಿಸುವ ಕೆಲಸಕ್ಕೆ ಸೇರಿದೆ ಎಂದು ಕೇಳಿದೆ. ನಾನು ಪದವಿ ಮುಗಿಸಿದೆ, ಊರಲ್ಲಿ ಶಾಲು ಹೊದಿಸಿದರು, ಹೊದಿಸಿಕೊಂಡೆ.

ಈಗ ಅಂಕೋಲೆಯಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈ ವರ್ಷ ನಾನೂ ಅದೇ ಕೆಲಸ ಕೊಟ್ಟೆ. ಪುಸ್ತಕ ಸಿಗದಿದ್ದರೆ ಎಂತ ಬರೀಬೇಕು ಮೇಡಂ ಎಂದು ಒಬ್ಬಳು ಕೇಳಿದಳು. ಸಿಗಲಿಲ್ಲ ಅಂತಲೇ ಬರಿ ಎಂದೆ. ಅಷ್ಟೇ ಇತ್ತು ನೀಲಾ — ಅಷ್ಟೇ — ಪಾಠ ಮುಂದುವರಿಸಲಾಗಲಿಲ್ಲ.

ಮೊನ್ನೆ ಭಾನುವಾರ ಸರ್ ಮನೆಗೆ ಹೋದೆ. ನಿವೃತ್ತರಾಗಿದ್ದಾರೆ. ಅವರ ಎದುರಿಗಾದರೂ ನಿನ್ನ ಹೆಸರಿಗೆ ಅಂಟಿದ ಕಳಂಕ ತೊಳೆಯಬೇಕು ಎಂದಿತ್ತು. ಎಲ್ಲ ಹೇಳಿದೆ. ಅವರು ಚಹಾ ತರಿಸಿದರು, ಈ ಕಾಲದಲ್ಲಿ ಯಾರು ಇಷ್ಟು ಒಪ್ಪಿಕೊಳ್ಳುತ್ತಾರೆ ಎಂದು ನನ್ನನ್ನೇ ಹೊಗಳಿದರು. ಆಮೇಲೆ ಕೇಳಿದರು:

"ನೀಲಾ ಅಂದ್ರೆ... ಯಾರಮ್ಮ?"

ಊರು ಹೇಳಿದೆ, ನೀನು ಕೂರುತ್ತಿದ್ದ ಬೆಂಚು ಹೇಳಿದೆ, ಅವರು ಆಡಿದ ಮಾತನ್ನೂ ಹೇಳಿದೆ. ನೆನಪಾಗಲಿಲ್ಲ. ನಿನ್ನ ಮೇಲೆ ಹೊರಿಸಿದ್ದನ್ನು ಇಳಿಸಬೇಕಾದವರು ನಿನ್ನನ್ನೇ ಮರೆತಿದ್ದಾರೆ. ಇನ್ನು ನಾನು ಎಲ್ಲಿ ಹೋಗಿ ಯಾರಿಗೆ ಹೇಳಲಿ?

ನೀನು ಈಗಲೂ ಅಲ್ಲೇ ಇದ್ದೀಯಂತೆ; ನಾಳೆ ಬೈತಖೋಲಕ್ಕೆ ಬರುತ್ತೇನೆ. ಎಲ್ಲರೆದುರು ಹೇಳು ಎಂದರೆ ಎಲ್ಲರೆದುರು, ಬೇಡವೆಂದರೆ ನಿನ್ನೊಬ್ಬಳಿಗೇ. ಹೋಗು ಎಂದರೆ ಹೋಗುತ್ತೇನೆ.